ಬಸಕ್ಕನ ಫಾರಂನಲ್ಲಿ ನಾನು ಬರೆದದ್ದು

ಬಸಮ್ಮ ಅಡುಗೆಮನೆಯ ಸಹಾಯಕಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ — ಹೀಗೆಂದು ಇಂಗ್ಲಿಷಿನಲ್ಲಿ ಬರೆದವಳು ನಾನು. ಎರಡೂ ಸುಳ್ಳು. ಹಿರಿಯೂರಿನ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಆ ಲಾಡ್ಜಿನ ಅಡುಗೆಮನೆಯನ್ನು ಆಕೆ ಹನ್ನೊಂದು ವರ್ಷದಿಂದ ನಡೆಸುತ್ತಿದ್ದರು. ನನಗೆ ಗೊತ್ತಿತ್ತು. ಅಲ್ಲಿನ ಮ್ಯಾನೇಜರ್ ನಾನು, ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಫಾರಂ ತುಂಬುವಾಗ ಬಸಕ್ಕ ನನ್ನ ಮೇಜಿನ ಎದುರೇ ನಿಂತು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ನನ್ನ ಪೆನ್ನು ಹೋದ ಕಡೆಗೆಲ್ಲ ಕಣ್ಣು ಹಾಯಿಸುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು. "ಎಷ್ಟು ಚೆಂದ ಬರೀತೀರಿ ಮೇಡಮ್ಮೋರೆ! ಒಂದಕ್ಷರ ಇನ್ನೊಂದರ ಕೈ ಹಿಡ್ಕಂಡು ಹೊಂಟಂಗೈತೆ" ಅಂದರು. ಕಾನ್ವೆಂಟಿನ ಕರ್ಸಿವ್ ರೈಟಿಂಗ್. ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಅಕ್ಷರ. ಆ ಚೆಂದದ ಅಕ್ಷರದಲ್ಲೇ ನಾನು ಆಕೆಯ ಹನ್ನೊಂದು ವರ್ಷವನ್ನು ಎರಡು ಮಾಡಿದೆ.

ಎಪ್ಪತ್ತರ ದಶಕದ ಮಾತು. ಇಷ್ಟು ಕಾಲ ಸುಮ್ಮನಿದ್ದವಳಿಗೆ ಈಗ ಏನು ಬಂತು ಎಂದರೆ — ಮೊನ್ನೆ ಪಕ್ಕದ ಮನೆಯಾಕೆ ಬಂದು ಕೂತರು. ಮಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳಂತೆ. "ಆಂಟಿ, ನೀವು ಆ ಕಾಲದಲ್ಲೇ ಓದಿದೋರು, ನೀವೇ ಹೇಳಿ. ಕಾಫಿ ತಿಂಡಿ ಕೊಡೋದಕ್ಕೆ ಡಿಗ್ರಿ ಬೇಕಾ?" ಅಂದರು. ನನಗೆ ಎಲ್ಲಿತ್ತೋ ಸಿಟ್ಟು! ಏನೇನೋ ಕೂಗಾಡಿಬಿಟ್ಟೆ. ಪಾಪ, ಆಕೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಆಕೆಯ ಮೇಲಿನ ಸಿಟ್ಟಲ್ಲ ಅದು. ಈ ಒಂದು ಪ್ರಶ್ನೆಯನ್ನು ನಾನು ಹದಿನೆಂಟರ ವಯಸ್ಸಿನಿಂದ ಕೇಳುತ್ತಿದ್ದೇನೆ, ಇನ್ನೂ ಮುಗಿದಿಲ್ಲವಲ್ಲ ಎಂಬ ರೋಸಿಕೆ. ಮತ್ತೆ — ಹಾನೆಸ್ಟ್ಲಿ — ಅದಕ್ಕೆ ಉತ್ತರ ಹೇಳುವ ಯೋಗ್ಯತೆಯನ್ನು ನಾನೇ ಕಳೆದುಕೊಂಡಿದ್ದೇನಲ್ಲ, ಆ ಸಿಟ್ಟು.

ನಮ್ಮಪ್ಪ ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ಓವರ್‌ಸಿಯರ್ ಆಗಿದ್ದರು. ಡ್ಯಾಮಿನ ಕೆಳಗಿನ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ನನ್ನನ್ನು ಮೈಸೂರಿನ ಕಾನ್ವೆಂಟಿಗೆ ಹಾಕಿದರು, ಬೋರ್ಡಿಂಗಿನಲ್ಲಿ. ಅಲ್ಲಿ ಇಂಗ್ಲಿಷ್ ಕಲಿತೆ, ಫೋರ್ಕು ಯಾವ ಕಡೆ ಇಡಬೇಕು ಎಂದು ಕಲಿತೆ, ಊಟದ ಮೇಜಿನ ಬಟ್ಟೆ ಸುಕ್ಕಿಲ್ಲದೆ ಹಾಸುವುದನ್ನು ಕಲಿತೆ. ಅದೇ ಹುಚ್ಚಿನಲ್ಲಿ ಬೆಂಗಳೂರಿನ ಕೇಟರಿಂಗ್ ಸ್ಕೂಲಿಗೆ ಅರ್ಜಿ ಹಾಕಿದೆ. ಆಗ ನಮ್ಮ ನೆಂಟರಿಷ್ಟರ ಬಾಯಿ ನೋಡಬೇಕಿತ್ತು! ಆದಿವಾಲದ ದೊಡ್ಡಪ್ಪನಂತೂ ಸಿಕ್ಕಸಿಕ್ಕವರಿಗೆಲ್ಲ, "ನಮ್ಮ ಹುಡುಗಿ ಇಡ್ಲಿ ಬೇಯಿಸೋದು ಕಲಿಯಾಕೆ ಬೆಂಗ್ಳೂರಿಗೆ ಹೋಗ್ತಾಳಂತಪ್ಪ. ನಮ್ಮನೆಯೋಳು ಇಡ್ಲಿ ಬೇಯಿಸಾಕೆ ಹಟ್ಟಿ ಬಿಟ್ಟು ಆಚೆಗೇ ಹೋಗಿಲ್ಲ ನೋಡು" ಅನ್ನುತ್ತಿದ್ದರು. ಎಲ್ಲರೂ ನಗುವರು. ನಾನು ಹಲ್ಲು ಕಚ್ಚಿಕೊಂಡು ಹೋದೆ. ಓದಿಗೆ ಬೆಲೆ ಇದೆ ಎಂದು ತೋರಿಸಿಯೇ ತೋರಿಸುತ್ತೇನೆ ಎಂದು ಹೋದೆ.

ಫೇಲಾದೆ.

ಥಿಯರಿಯಲ್ಲಿ ಅಲ್ಲ. ಬರೆಯುವುದರಲ್ಲಿ ನಾನೇ ಕ್ಲಾಸಿಗೆ ಮೊದಲು. ಪ್ರಾಕ್ಟಿಕಲ್ಲಿನಲ್ಲಿ ಫೇಲು. ನೂರು ಜನಕ್ಕೆ ಅನ್ನ ಮಾಡಿ ಇಳಿಸುವುದು ಪರೀಕ್ಷೆ. ನನ್ನ ಹಂಡೆಯಲ್ಲಿ ತಳ ಸೀದು, ನಡುವೆ ಮುದ್ದೆಯಾಗಿ, ಮೇಲೆ ಅಕ್ಕಿ ಅಕ್ಕಿಯಾಗಿಯೇ ಉಳಿದಿತ್ತು. ನಮ್ಮ ಟೀಚರು ಮಿಸೆಸ್ ಲೋಬೋ ಸೌಟಿನಿಂದ ಒಮ್ಮೆ ಕೆದಕಿ ನೋಡಿ, "ಅನ್ನದ ಬಗ್ಗೆ ಚೆನ್ನಾಗಿ ಓದಿದ್ದೀಯ ವಿಮಲಾ, ಅನ್ನದ ಪರಿಚಯ ಆಗಿಲ್ಲ" ಎಂದರು, ಇಂಗ್ಲಿಷಿನಲ್ಲಿ, ನಗುನಗುತ್ತ. ಮೂರು ತಿಂಗಳು ಬಿಟ್ಟು ಬಂದು ಮತ್ತೆ ಪರೀಕ್ಷೆ ಕೊಡು ಎಂದೂ ಹೇಳಿದರು. ಅಷ್ಟೇ ಮಾಡಬೇಕಿತ್ತು. ಒಂದು ಹಂಡೆ ಅನ್ನ! ಆದರೆ ನನಗೆ ಆ ನಗು — ಇರಲಿ. ನಾನು ಹೋಗಲಿಲ್ಲ. ಕೋರ್ಸಿಗೆ ಹಾಜರಾಗಿದ್ದೆ ಎಂದು ಸ್ಕೂಲಿನವರು ಕೊಟ್ಟ ಒಂದು ಕಾಗದ ಇತ್ತು. ಪಾಸಾದ ಡಿಪ್ಲೊಮಾ ಅಲ್ಲ, ಬರೀ ಹಾಜರಿಯ ಕಾಗದ. ಅದನ್ನು ಹಿಡಿದುಕೊಂಡು ಮನೆಗೆ ಬಂದೆ. ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದೇ ಸಮಯಕ್ಕೆ ಹಿರಿಯೂರಿನ ಸಾಹುಕಾರ್ ಗುರುಶಾಂತಪ್ಪನವರು ಮನೆಗೆ ಬಂದರು. ಕಡಲೆಕಾಯಿ ಎಣ್ಣೆ ಗಿರಣಿ, ಬಸ್ ಸ್ಟ್ಯಾಂಡಿನ ಎದುರು ಹಳೆಯ ಖಾನಾವಳಿ. ಖಾನಾವಳಿಯ ಮೇಲೆ ಎರಡು ಅಂತಸ್ತು ಏರಿಸಿ ಲಾಡ್ಜು ಮಾಡಿದ್ದರು. ಹೆದ್ದಾರಿ ಊರು, ದೊಡ್ಡ ಆಫೀಸರುಗಳು ಇಳಿಯುತ್ತಾರೆ, ಇಂಗ್ಲಿಷ್ ಮಾತಾಡುವ, ಕಲಿತ ಮ್ಯಾನೇಜರ್ ಬೇಕು ಎಂದರು. ಅಪ್ಪ ಕಾಗದ ತಂದು ಅವರ ಕೈಗಿಟ್ಟರು. ಸಾಹುಕಾರರು ಕನ್ನಡಕ ಏರಿಸಿ ಕೆಳಗಿನ ಮೂಲೆಯನ್ನೇ ನೋಡಿದರು. "ಮೊಹರು ಐತಲ್ಲ, ಇನ್ನೇನ್ ಬೇಕು? ದುರ್ಗದಾಗೂ ಇಂಥ ಮ್ಯಾನೇಜರ್ ಇಲ್ಲ ಬಿಡ್ರಿ" ಅಂದರು. ನಾನು ಬಾಯಿ ತೆರೆಯಬಹುದಿತ್ತು. ಅಪ್ಪನ ಮುಖ ನೋಡಿದೆ — ಹೆಮ್ಮೆಯಿಂದ ಹಿಗ್ಗಿದ ಮುಖ. ಅಲ್ಲ, ಅಪ್ಪನ ಮೇಲೆ ಹಾಕುವುದು ಬೇಡ. ನನಗೆ ಆ ಕೆಲಸ ಬೇಕಿತ್ತು. ಅಷ್ಟೇ.

ಆ ಕಾಗದಕ್ಕೆ ಸಾಹುಕಾರರು ಕಟ್ಟು ಹಾಕಿಸಿ ಗಲ್ಲಾದ ಹಿಂದೆ ದೇವರ ಪಟಗಳ ಸಾಲಿನಲ್ಲೇ ನೇತುಹಾಕಿಸಿದರು. ಆಯುಧ ಪೂಜೆಗೆ ಗಿರಣಿಯ ಯಂತ್ರಕ್ಕೆ, ಕೊಬ್ಬರಿ ತುರಿಯುವ ಮಣೆಗೆ, ನನ್ನ ಕಾಗದಕ್ಕೆ — ಮೂರಕ್ಕೂ ವಿಭೂತಿ, ಮೂರಕ್ಕೂ ಚೆಂಡು ಹೂ. ಆಫೀಸರು ಯಾರೇ ಬರಲಿ, "ನಮ್ಮ ಮೇಡಂ ಡಿಪ್ಲೊಮಾ ಪಾಸಾದೋರು" ಎಂದು ಬೊಟ್ಟು ಮಾಡುವರು. ಆ ಆಫೀಸರುಗಳಿಗಾದರೂ ಇಂಗ್ಲಿಷ್ ಬರುತ್ತಿತ್ತಲ್ಲ, ಒಬ್ಬರಾದರೂ ಕತ್ತೆತ್ತಿ ಓದಿದರೇ? ಇಲ್ಲ! ಎಲ್ಲರೂ ತಲೆದೂಗಿ ಊಟಕ್ಕೆ ಕೂರುವರು. ದಿನಾ ಹೆದರುತ್ತಿದ್ದೆ, ದಿನಾ ಬಚಾವಾಗುತ್ತಿದ್ದೆ.

ಬಸಕ್ಕ ಆ ಲಾಡ್ಜಿನ ಅಡುಗೆಯವರು. ಹೊಸದುರ್ಗ ತಾಲ್ಲೂಕಿನ ಬಾಗೂರಿನವರು, ಗಂಡ ತೀರಿಕೊಂಡ ಮೇಲೆ ಬಂದು ಖಾನಾವಳಿಗೆ ಸೇರಿದವರು. ನಾನು ಹೋದಾಗ ನಲವತ್ತರ ಆಸುಪಾಸು. ಐದನೇ ಕ್ಲಾಸಿನವರೆಗೆ ಓದಿದ್ದರು, ಕನ್ನಡ ಪೇಪರನ್ನು ಬೆರಳಿಟ್ಟುಕೊಂಡು ಓದುವರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೈಯಲ್ಲಿ ಯಾವಾಗಲೂ ಏನಾದರೊಂದು ಪಾತ್ರೆ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ. ಈ ಹೊಗೇನಾಗೆ ನಿಮ್ ಸೀರೆ ಎರಡು ದಿನಾನೂ ತಡಿಯಲ್ಲ" ಅಂದರು. ತಡೆಯಲಿಲ್ಲ.

ಆಕೆಯ ಕೆಲಸದ ರೀತಿ ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು. ಬೆಳಿಗ್ಗೆ ಹತ್ತರ ಹೊತ್ತಿಗೆ ಬಸಕ್ಕ ಅಕ್ಕಿ ತೊಳೆಯುವ ಮುಂಚೆ ಮುಂಬಾಗಿಲಿಗೆ ಬಂದು ನಿಲ್ಲುವರು. ಎದುರಿಗೆ ಬಸ್ ಸ್ಟ್ಯಾಂಡು. ಬಂದ ಬಸ್ಸುಗಳಿಂದ ಇಳಿಯುವವರನ್ನು ನೋಡುವರು. ನಾಲ್ಕೈದು ಬಸ್ಸು, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಒಳಗೆ ಹೋಗಿ ಇಷ್ಟು ಸೇರು ಅಕ್ಕಿ, ಇಷ್ಟು ಬೇಳೆ ಎಂದು ಹೇಳುವರು. ಮಧ್ಯಾಹ್ನ ಮೂರಕ್ಕೆ ನೋಡಿದರೆ ಪಾತ್ರೆಯಲ್ಲಿ ಅನ್ನ ಇಲ್ಲ, ಊಟ ಇಲ್ಲ ಎಂದು ತಿರುಗಿ ಹೋದವರೂ ಇಲ್ಲ. ದಿನಾ! ನಾನು ಮೊದಮೊದಲು ಕಾಕತಾಳೀಯ ಅಂದುಕೊಂಡಿದ್ದೆ.

ಒಂದು ದಿನ ಕೇಳಿಯೇಬಿಟ್ಟೆ, ಅದೇನು ನೋಡುತ್ತೀರಿ ಎಂದು.

"ಬಳ್ಳಾರಿ ಬಸ್ನೋರು ಮೈಸೂರ್ ಕಡೆ ಬಸ್ಸಿಗೆ ಕಾಯ್ಬೇಕು, ಅವ್ರು ಉಣ್ತಾರೆ. ಹೊಸದುರ್ಗದ ಬಸ್ನಾಗೆ ನಮ್ಮೂರ್ ಕಡೆಯೋರು ಬುತ್ತಿ ಕಟ್ಕಂಡು ಬಂದಿರ್ತಾರೆ, ಮಜ್ಜಿಗೆ ಕುಡಿದು ಹೋಗ್ತಾರೆ, ಜಿಪುಣರು. ಕೋರ್ಟಿಗೆ ಬಂದೋರ ಲೆಕ್ಕ ಬ್ಯಾರೆ."

"ಅದೇನು ಬೇರೆ?"

"ವಾಯಿದೆ ಬಿದ್ರೆ ಎರಡು ಕಡೆಯೋರೂ ಉಣ್ತಾರೆ. ತೀರ್ಪು ಬಂದ್ರೆ ಗೆದ್ದೋನು ಮಾತ್ರ ಉಣ್ತಾನೆ. ವಕೀಲ್ರ ಗುಮಾಸ್ತನ್ನ ಬೆಳಿಗ್ಗೇನೇ ಕೇಳಿಟ್ಕಂಡಿರ್ತೀನಿ."

ನಕ್ಕು ನಕ್ಕು ಸಾಕಾಯಿತು. ಆದರೆ ಮೈ ಜುಮ್ಮೆಂದಿತು ಕೂಡ. ನಮ್ಮ ಪಠ್ಯಪುಸ್ತಕದಲ್ಲಿ ಫೋರ್‌ಕಾಸ್ಟಿಂಗ್ ಎಂದು ಒಂದು ಇಡೀ ಪಾಠವಿತ್ತು. ಎಷ್ಟು ಮಂದಿ ಊಟಕ್ಕೆ ಬಂದಾರು ಎಂದು ಮೊದಲೇ ಲೆಕ್ಕ ಹಾಕುವುದು ಹೇಗೆ ಎಂಬ ಪಾಠ. ನಾನದನ್ನು ಬಾಯಿಪಾಠ ಮಾಡಿದ್ದೆ. ಬಸಕ್ಕ ಅದನ್ನು ದಿನಾ ಬಾಗಿಲಲ್ಲಿ ನಿಂತು ಮಾಡುತ್ತಿದ್ದರು.

ಮಾರಿಕಣಿವೆ ನೋಡಲು ಬರುವ ನಲವತ್ತು ಜನ ಎಂಜಿನಿಯರುಗಳಿಗೆ ಊಟ ಎಂದು ಒಮ್ಮೆ ಸಾಹುಕಾರರಿಗೆ ಹೇಳಿಕಳಿಸಿದ್ದರು. ನಾನು ಪುಸ್ತಕದ ಪ್ರಕಾರ ತಲೆಗಿಷ್ಟು ಎಂದು ನಲವತ್ತಕ್ಕೆ ಲೆಕ್ಕ ಕೊಟ್ಟೆ. ಬಸಕ್ಕ ಹದಿನೈದಕ್ಕೆ ಸಾಕು ಅಂದರು. "ಡ್ಯಾಮಿನ್ ತಾವ ಐಬಿ ಬಂಗ್ಲೆನಾಗೆ ಮೀನ್ ಸಾರು ಮಾಡ್ಸಿರ್ತಾರೆ ಕಣ್ರಿ. ಅದು ಬಿಟ್ಟು ನಿಮ್ ಹುರುಳಿಕಾಯಿ ಪಲ್ಯಕ್ಕೆ ಯಾರು ಬರ್ತಾರೆ? ಮೀನ್ ಮುಟ್ಟದೆ ಶುದ್ಧ ಇರೋರಷ್ಟೇ ಬರ್ತಾರೆ." ಆಕೆ ಹೇಳಿದಷ್ಟೇ ಮಾಡಿದೆವು. ಬಂದವರು ಹದಿನಾಲ್ಕು. ಡ್ಯಾಮಿನ ಕೆಳಗೆ ಹುಟ್ಟಿದವಳು ನಾನು, ಐಬಿಯ ಮೀನಿನ ವಾಸನೆ ಕುಡಿದು ಬೆಳೆದವಳು! ನನಗೆ ಹೊಳೆಯಲಿಲ್ಲ. ಸಾಹುಕಾರರು ಮಾತ್ರ, "ಭಲೇ ಮೇಡಂ, ಒಂದಗಳೂ ಕೆಡಲಿಲ್ಲ. ಇದಪ್ಪ ಓದು ಅಂದ್ರೆ!" ಅಂದರು. ನಾನು ಥ್ಯಾಂಕ್ಯೂ ಅಂದೆ. ಹಿಂದೆ ಬಸಕ್ಕ ನಿಂತಿದ್ದರು. ಅವರಿಗೆ ಬೇಸರವೂ ಆದಂತೆ ಕಾಣಲಿಲ್ಲ. ಆ ದಿನವೇ ಇರಬೇಕು, ಕೈ ತೊಳೆದುಕೊಂಡು ಬಂದು ನನ್ನ ಮೇಜಿನ ಪಕ್ಕ ನಿಂತದ್ದು.

"ನಾನು ಹೇಳಿದ್ರೆ ಸಾವ್ಕಾರ್ರು ಕೇಳಲ್ಲ ಮೇಡಮ್ಮೋರೆ. ಅದನ್ನೇ ನೀವು ಇಂಗ್ಲೀಷ್ನಾಗೆ ಹೇಳಿದ್ರೆ ಕೇಳ್ತಾರೆ. ಇರ್ಲಿ, ಅದಕ್ಕೇನಿಲ್ಲ. ಆದ್ರೆ ಇದೆಲ್ಲ ನನ್ ತಲ್ಯಾಗೇ ಐತೆ. ನಾನು ಜ್ವರ ಅಂತ ಮಲಗಿದ್ರೆ ಅಡುಗೆಮನೇನೂ ಮಲಗ್ತೈತೆ. ಬರ್ದಿಟ್ರೆ ಇನ್ನೊಬ್ರು ನೋಡ್ಕಂಡು ಮಾಡ್ತಾರೆ. ಹೆಂಗ್ ಬರೀಬೇಕು? ಎಲ್ಲಿಂದ ಸುರು ಮಾಡ್ಬೇಕು? ನೀವು ಓದಿದ ಸಾಲ್ಯಾಗೆ ಅದನ್ನ ಕಲಿಸ್ತಾರಾ?"

ಕಲಿಸುತ್ತಾರೆ ಎಂದೆ. ಹೌದು, ಅದನ್ನೇ ಕಲಿಸುವುದು. ತಲೆಯಲ್ಲಿರುವುದನ್ನು ಹೊರಗೆ ತೆಗೆದು ಇನ್ನೊಬ್ಬರ ಕೈಗೆ ಕೊಡುವುದು ಹೇಗೆ ಎಂದು. ಮತ್ತೆ ನಾಲ್ಕು ಜನರ ಮುಂದೆ ನನ್ನ ಮಾತಿಗೆ ಆಧಾರ ಇದು ಎಂದು ತೋರಿಸುವುದು ಹೇಗೆ ಎಂದು. ಓದು ಯಾಕೆ ಬೇಕು ಎಂದು ನನ್ನನ್ನು ಗೇಲಿ ಮಾಡಿದವರಿಗೆ ನಾನು ಎಂದೂ ಕೊಡಲಾಗದ ಉತ್ತರವನ್ನು ಐದನೇ ಕ್ಲಾಸು ಓದಿದ ಬಸಕ್ಕ ಪ್ರಶ್ನೆಯಲ್ಲೇ ಕೊಟ್ಟಿದ್ದರು.

ಎಮರ್ಜೆನ್ಸಿಯ ಹಿಂದಿನ ವರ್ಷ ನನ್ನ ಕೇಟರಿಂಗ್ ಸ್ಕೂಲಿನಿಂದಲೇ ಒಂದು ಸುತ್ತೋಲೆ ಬಂತು. ಈಗಾಗಲೇ ಹೋಟೆಲುಗಳಲ್ಲಿ ಅಡುಗೆಮನೆಯ ಜವಾಬ್ದಾರಿ ಹೊತ್ತವರಿಗೆ ಮೂರು ತಿಂಗಳ ಕೋರ್ಸು. ಪಾಠವೆಲ್ಲ ಕನ್ನಡದಲ್ಲೇ. ಐದನೇ ಕ್ಲಾಸು ಸಾಕು. ಉಳಿಯಲು ಹಾಸ್ಟೆಲ್ಲು. ಕೊನೆಗೆ ಪರೀಕ್ಷೆ, ಪಾಸಾದವರಿಗೆ ಸರ್ಟಿಫಿಕೇಟು. ಒಂದೇ ಷರತ್ತು, ಕನಿಷ್ಠ ಐದು ವರ್ಷ ಅಡುಗೆಮನೆಯ ಮುಖ್ಯಸ್ಥರಾಗಿ ಕೆಲಸ ಮಾಡಿದ್ದಾರೆ ಎಂದು ಹೋಟೆಲಿನ ಮ್ಯಾನೇಜರ್ ಫಾರಂನಲ್ಲಿ ಬರೆದು ಸಹಿ ಹಾಕಬೇಕು.

ಬಸಕ್ಕನಿಗೆಂದೇ ಅಳತೆ ತೆಗೆದು ಹೊಲಿದ ಹಾಗಿತ್ತು. ಓದಿ ಹೇಳಿದೆ. ಬಸಕ್ಕ ಕಣ್ಣರಳಿಸಿ ಕೇಳಿದರು. ಸಾಹುಕಾರರೂ ಒಪ್ಪಿದರು. "ಹೋಗಿ ಬರ್ಲಿ, ಮೂರು ತಿಂಗ್ಳು ಹೆಂಗೋ ನಡೆಸಾಣ. ನಮ್ ಲಾಡ್ಜಿನಾಗೆ ಎರಡು ಸರ್ಟಿಫಿಕೇಟು ನೇತಾಕಾಣ!" ಆಮೇಲೆ ಅವರು ಒಂದು ಮಾತು ಸೇರಿಸಿದರು. "ಮೇಡಂ, ಫಾರಂ ಜೊತೆ ಒಂದು ಲೆಟ್ರು ಬರೀರಿ. ನಾನು ನಿಮ್ ಸ್ಕೂಲ್ನಾಗೇ ಪಾಸಾದೋಳು ಅಂತ ಬರೀರಿ. ಸೀಟ್ ಗ್ಯಾರಂಟಿ."



ಫಾರಂ ನೋಡಿದೆ. ಸಹಿ ಹಾಕುವ ಮ್ಯಾನೇಜರಿನ ಹೆಸರು, ವಿದ್ಯಾರ್ಹತೆ — ಎಂದು ಒಂದು ಕಲಂ ಇತ್ತು. ಅದು ಹೋಗಿ ಬೀಳುವುದು ಮಿಸೆಸ್ ಲೋಬೋ ಮೇಜಿನ ಮೇಲೆ. ಆಕೆ ಓದುತ್ತಾರೆ, ನಗುತ್ತಾರೆ, ಈ ಹುಡುಗಿ ಪಾಸೇ ಆಗಿಲ್ಲವಲ್ಲ ಎಂದು ಸಾಹುಕಾರರಿಗೆ ಎರಡು ಸಾಲು ಬರೆಯುತ್ತಾರೆ. ಇಲ್ಲವೇ ಮೂರು ತಿಂಗಳು ಅಲ್ಲೇ ಇರುವ ಬಸಕ್ಕ ಎಲ್ಲರ ಮುಂದೆ ನಮ್ಮ ಮೇಡಮ್ಮೋರು ಎಂದು ನನ್ನನ್ನು ಹೊಗಳುತ್ತಾರೆ, ಆಗ ಯಾರೋ ಹೇಳುತ್ತಾರೆ... ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಬಸಕ್ಕ ಮಜ್ಜಿಗೆಗೆ ಇಂಗು ಹಾಕಿ ತಂದುಕೊಟ್ಟು, "ಪಿತ್ತ ಆಗೈತೆ, ಕುಡೀರಿ" ಅಂದರು.

ಮೂರನೆಯ ದಿನ ಆಕೆಯ ಎದುರೇ ಫಾರಂ ತುಂಬಿದೆ. ಹುದ್ದೆ: ಅಡುಗೆಮನೆಯ ಸಹಾಯಕಿ. ಅನುಭವ: ಎರಡು ವರ್ಷ. ಮ್ಯಾನೇಜರಿನ ವಿದ್ಯಾರ್ಹತೆ: ಖಾಲಿ. ಸಹಿಯನ್ನು ಯಾರಿಗೂ ಓದಲಾಗದಂತೆ ಗೀಚಿದೆ. ಮೊದಲ ನೋಟಕ್ಕೇ ತಿರಸ್ಕರಿಸಿಬಿಟ್ಟರೆ ಯಾರೂ ಮುಂದೆ ಓದುವುದಿಲ್ಲ, ಹೆಸರು ಹುಡುಕುವುದಿಲ್ಲ, ಏನನ್ನೂ ವಿಚಾರಿಸುವುದಿಲ್ಲ — ಇದು ನನ್ನ ಲೆಕ್ಕ. ನನ್ನ ಜೀವನದಲ್ಲಿ ಕರಾರುವಾಕ್ಕಾಗಿ ಹಾಕಿದ ಒಂದೇ ಫೋರ್‌ಕಾಸ್ಟ್. ಸಾಹುಕಾರರು ಹೇಳಿದ ಲೆಟರನ್ನು ಬರೆಯಲೇ ಇಲ್ಲ, ಬರೆದು ಕಳಿಸಿದೆ ಎಂದೆ. ಬಸಕ್ಕ ಆ ಲಕೋಟೆಯನ್ನು ಕಣ್ಣಿಗೊತ್ತಿಕೊಂಡು ತಾವೇ ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದರು.

ಉತ್ತರ ಬಂತು, ಇಂಗ್ಲಿಷಿನಲ್ಲಿ. ಅಗತ್ಯವಿರುವ ಅನುಭವ ಇಲ್ಲದ್ದರಿಂದ ಪರಿಗಣಿಸಲಾಗುವುದಿಲ್ಲ ಎಂದು. ಅಲ್ಲಿಗೇ ಮುಗಿದಿದ್ದರೆ ನಾನು ಹೆದರಿ ತಪ್ಪು ಮಾಡಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಆದರೆ ಆ ಪತ್ರದಲ್ಲಿ ಇನ್ನೂ ಎರಡು ಸಂಗತಿಗಳಿದ್ದವು. ಒಂದು, ಸಹಿ ಮಿಸೆಸ್ ಲೋಬೋ ಅವರದಲ್ಲ. ಅವರ ಜಾಗದಲ್ಲಿ ನನ್ನ ಹೆಸರೇ ಕೇಳಿರದ ಹೊಸಬರು ಯಾರೋ ಬಂದಿದ್ದರು. ಇನ್ನೊಂದು, ಕೊಟ್ಟ ವಿವರಗಳಲ್ಲಿ ತಪ್ಪಿದ್ದರೆ ಹದಿನೈದು ದಿನದೊಳಗೆ ತಿದ್ದಿ ಕಳಿಸಬಹುದು, ಸೀಟುಗಳು ಇನ್ನೂ ಇವೆ ಎಂದು ಬರೆದಿತ್ತು.

ಹದಿನೈದು ದಿನ. ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಮೈ ಗಾಡ್, ಒಂದು ಪೋಸ್ಟ್ ಕಾರ್ಡು! ಹೆದರುವ ಕಾರಣವೂ ಇರಲಿಲ್ಲ. ಆದರೆ ತಿದ್ದುವುದೆಂದರೆ ಮೊದಲು ತಪ್ಪು ಬರೆದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೆ...

ಬಸಕ್ಕ ಬಾಗಿಲಲ್ಲೇ ಬಂದು ನಿಂತಿದ್ದರು. "ಯಾಕಂತೆ ಮೇಡಮ್ಮೋರೆ?"

"ಓದು ಸಾಲದಂತೆ, ಬಸಕ್ಕ" ಎಂದೆ.

ಪತ್ರದಲ್ಲಿ ಹಾಗಿರಲಿಲ್ಲ. ಐದನೇ ಕ್ಲಾಸು ಸಾಕು ಎಂದು ಅವರೇ ಹೇಳಿದ್ದರು, ಅದನ್ನು ಬಸಕ್ಕನಿಗೆ ಓದಿ ಹೇಳಿದವಳೂ ನಾನೇ. ಎಲ್ಲ ಬಿಟ್ಟು ಆ ಮಾತೇ ನನ್ನ ಬಾಯಿಗೆ ಯಾಕೆ ಬಂತು? ಆಕೆ ಮತ್ತೆ ಪ್ರಶ್ನೆ ಕೇಳದಂತೆ ಬಾಯಿ ಮುಚ್ಚಿಸುವ ಮಾತು ಅದೊಂದೇ ಎಂದು ನನಗೆ ಒಳಗೊಳಗೇ ಗೊತ್ತಿತ್ತು, ಅದಕ್ಕೆ. ಬಸಕ್ಕ, "ಅದೂ ಖರೆ" ಎಂದರು. "ನಾನೇ ಹುಚ್ಚಿ. ಸೌಟು ಹಿಡಿಯೋಳಿಗೆ ಸಾಲೆ ಯಾಕೆ?" ನಕ್ಕು ಒಳಗೆ ಹೋದರು. ನಮ್ಮ ದೊಡ್ಡಪ್ಪ ಆಡುತ್ತಿದ್ದ ಮಾತು ಅದು. ಕೇಳಿ ಕೇಳಿ ನನ್ನ ರಕ್ತ ಕುದಿಯುತ್ತಿದ್ದ ಮಾತು. ಅದನ್ನು ಈಗ ಬಸಕ್ಕನ ಬಾಯಲ್ಲಿ ಇಟ್ಟವಳು ನಾನು.

ಮಾರನೆಯ ವರ್ಷ ಸಾಹುಕಾರರು ಹಿಂದಿನ ಜಾಗದಲ್ಲಿ ಹೊಸ ಡೈನಿಂಗ್ ಹಾಲ್ ಕಟ್ಟಿಸಿದರು. ಸರ್ಟಿಫಿಕೇಟಿನ ರುಚಿ ಹತ್ತಿದ ಮನುಷ್ಯ! ಬೆಂಗಳೂರಿನಿಂದ ಅದೇ ಕೋರ್ಸು ಮುಗಿಸಿದ ಒಬ್ಬ ಕುಕ್ಕನ್ನು ಕರೆಸಿ ಬಸಕ್ಕನ ಮೇಲೆ ಇಟ್ಟರು. ಅವನ ಬಗ್ಗೆ ಕೆಟ್ಟದ್ದು ಹೇಳಲಾರೆ. ಒಳ್ಳೆಯ ಕೆಲಸಗಾರ. ಪ್ರತಿ ಅಡುಗೆಗೂ ಒಂದೊಂದು ಹಾಳೆ ಬರೆದು ಗೋಡೆಗೆ ಅಂಟಿಸಿದ, ಅವನು ರಜೆ ಹೋದ ದಿನವೂ ಸಾಂಬಾರಿನ ರುಚಿ ಬದಲಾಗುತ್ತಿರಲಿಲ್ಲ. ಬಸಕ್ಕ ಆ ಹಾಳೆಗಳ ಮುಂದೆ ನಿಂತು ಬೆರಳಿಟ್ಟುಕೊಂಡು ಓದುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಅವನಿಗೆ ಬಸ್ಸುಗಳ ವಿಷಯ ಗೊತ್ತಿರಲಿಲ್ಲ. ಒಂದು ದಿನ ಅನ್ನ ಮಿಕ್ಕುವುದು, ಇನ್ನೊಂದು ದಿನ ಜನ ಬೈದುಕೊಂಡು ಎದ್ದು ಹೋಗುವುದು. ಬಸಕ್ಕನಾದರೂ ಹೇಳಬಹುದಿತ್ತಲ್ಲ? ಹೇಳಲಿಲ್ಲ. "ಯಾಕೆ ಸುಮ್ಮನಿದ್ದೀರಿ?" ಎಂದು ನಾನೇ ರೇಗಿದೆ. "ಅವ್ರು ಕಲ್ತೋರು ಮೇಡಮ್ಮೋರೆ. ನಾನೇನ್ ಹೇಳ್ಲಿ?" ಅಂದರು. ಹತ್ತು ಗಂಟೆಗೆ ಬಾಗಿಲಿಗೆ ಬಂದು ನಿಲ್ಲುವುದನ್ನೇ ಬಿಟ್ಟಿದ್ದರು.

ಆಕೆ ಬೆಂಗಳೂರಿಗೆ ಹೋಗಿ ಬಂದಿದ್ದರೆ ಆ ಹಾಳೆಗಳೂ ಆ ಬಸ್ಸುಗಳೂ ಒಬ್ಬರಲ್ಲೇ ಸೇರುತ್ತಿದ್ದವು. ಅಂಥ ಇನ್ನೊಂದು ಅಡುಗೆಮನೆ ನಮ್ಮ ಜಿಲ್ಲೆಯಲ್ಲಿ ಇರುತ್ತಿತ್ತೇ? ಓದಿಗೆ ಬೆಲೆಯಿಲ್ಲ, ಹೋಟೆಲಿನ ಕೆಲಸ ಕೈಯಿಂದ ಕಲಿಯುವುದು ಎಂದು ಈಗಲೂ ಹೇಳುವವರಿದ್ದಾರೆ. ಅದು ನಿಜವಾದರೆ ನಾನು ಬಸಕ್ಕನಿಂದ ಏನನ್ನೂ ಕಿತ್ತುಕೊಂಡಿಲ್ಲ ಎಂದಾಯಿತು, ನೆಮ್ಮದಿಯಾಗಿ ಸಾಯಬಹುದು. ಇಲ್ಲಪ್ಪ, ಹಾಗಲ್ಲ. ಕಿತ್ತುಕೊಂಡೆ. ಸೀಟನ್ನಷ್ಟೇ ಅಲ್ಲ, ತನಗೆ ಗೊತ್ತಿರುವುದೂ ಒಂದು ವಿದ್ಯೆ ಎಂಬ ನಂಬಿಕೆಯನ್ನೂ.

ಆ ದೀಪಾವಳಿ ಕಳೆದ ಮೇಲೆ ಬಸಕ್ಕ ಕೆಲಸ ಬಿಟ್ಟು ಬಾಗೂರಿಗೆ ಹೋದರು. ಹೊಸದುರ್ಗ, ಹೊಳಲ್ಕೆರೆ ಕಡೆ ಮದುವೆ ಅಡುಗೆ ಮಾಡುತ್ತಿದ್ದಾರೆ ಎಂದು ಕೇಳುತ್ತಿದ್ದೆ. ನನಗೆ ಮದುವೆಯಾಯಿತು, ಚಿತ್ರದುರ್ಗಕ್ಕೆ ಬಂದೆ. ಲಾಡ್ಜು ಬಿಡುವ ದಿನ ಸಾಹುಕಾರರು ಗೋಡೆಯ ಕಾಗದವನ್ನು ಕಟ್ಟಿನ ಸಮೇತ ಉಡುಗೊರೆಯೆಂಬಂತೆ ಕೊಟ್ಟರು. ಆರು ವರ್ಷದಲ್ಲಿ ಅದನ್ನು ಓದಿದವರು ಒಬ್ಬರೂ ಇಲ್ಲ.

ಬಸಕ್ಕನನ್ನು ನಾನು ಕೊನೆಗೆ ನೋಡಿದ್ದು ಹೊಳಲ್ಕೆರೆಯಲ್ಲಿ, ನನ್ನ ಗಂಡನ ಕಡೆಯವರ ಒಂದು ಮದುವೆಯಲ್ಲಿ. ಹಿತ್ತಲಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ ಒಲೆ ಹೂಡಿದ್ದರು. ಬಸಕ್ಕ ಸೊರಗಿದ್ದರು, ನನ್ನನ್ನು ಕಂಡು ಮುಖವೆಲ್ಲ ಬಾಯಿಯಾಯಿತು. "ಅಯ್ಯೋ, ನಮ್ ಮೇಡಮ್ಮೋರು! ಏನ್ರಿ ಇಷ್ಟು ದಪ್ಪ ಆಗೀರಿ? ದುರ್ಗದ ನೀರು ಹಿಡಿಸ್ತು ಬಿಡ್ರಿ" ಎಂದು ಸುತ್ತಲಿದ್ದ ಹೆಂಗಸರಿಗೆಲ್ಲ ನನ್ನನ್ನು ತೋರಿಸಿದರು. "ಇವ್ರು ನನಗೆ ಬೆಂಗ್ಳೂರ್ ಸಾಲಿ ಸೀಟಿಗೆ ಅರ್ಜಿ ಬರ್ಕೊಟ್ಟಿದ್ರು. ನನ್ ಸಲುವಾಗಿ ಅಷ್ಟು ಯಾರ್ ಮಾಡ್ತಾರೆ? ನನ್ ಹಣೇಲಿರ್ಲಿಲ್ಲ."

ಆಗ ಹೇಳಬೇಕೆಂದುಕೊಂಡೆ. ದೇವರಾಣೆ, ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಆ ಮನೆಯ ಸೊಸೆ, ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಳು. "ಬಸಕ್ಕ, ಗಂಡಿನ ಕಡೆ ಬಸ್ ಬಂತು. ಅಕ್ಕಿ ಎಷ್ಟು ಸೇರು ತೆಗೀಲಿ?"

ಬಸಕ್ಕ ಚಪ್ಪರದ ಆಚೆ ನೋಡಿದರು. ಬೀದಿಯಲ್ಲಿ ಗಂಡಿನ ಕಡೆಯವರು ಬಸ್ಸಿನಿಂದ ಇಳಿಯುತ್ತಿದ್ದರು. ಆಕೆಯ ಕಣ್ಣು ಹಳೆಯ ರೀತಿಯಲ್ಲಿ ಒಬ್ಬೊಬ್ಬರ ಮೇಲೂ ಹಾಯಿತು, ತುಟಿ ಅಲುಗಿತು. ಬಾಯಿ ತೆರೆದರು. ಆಮೇಲೆ ಪಕ್ಕದಲ್ಲಿ ನಾನಿರುವುದು ನೆನಪಾಯಿತೇನೋ, ನಾಚಿಕೊಂಡು ನಿಲ್ಲಿಸಿದರು.

"ಮೇಡಮ್ಮೋರ್ನ ಕೇಳವ್ವ, ಅವ್ರು ಓದ್ಕಂಡೋರು. ನಮ್ದೆಲ್ಲ ಸುಮ್ನೆ ಅಂದಾಜು."

ಸೊಸೆ ನನ್ನ ಕಡೆ ತಿರುಗಿದಳು. ನಾನು ಉತ್ತರ ಕೊಟ್ಟೆ. ಹೌದು, ಕೊಟ್ಟೆ. ತಲೆಗೆ ಇಷ್ಟು ಗ್ರಾಂ, ಒಟ್ಟು ಇಷ್ಟು ಜನ, ನೂರಕ್ಕೆ ಹತ್ತರಷ್ಟು ಹೆಚ್ಚು ಇಟ್ಟುಕೊಳ್ಳಬೇಕು — ಪುಸ್ತಕದ ಲೆಕ್ಕ, ಒಂದಕ್ಷರ ತಪ್ಪದೆ. ಬಸಕ್ಕ ಸೌಟನ್ನು ಎದೆಗೊತ್ತಿ ಹಿಡಿದುಕೊಂಡು, ಕ್ಲಾಸಿನಲ್ಲಿ ನಿಂತವರ ಹಾಗೆ, ಪ್ರತಿ ಅಂಕಿಗೂ ತಲೆಯಾಡಿಸುತ್ತ ಕೇಳಿಸಿಕೊಂಡರು.

ಅನ್ನ ಮಿಕ್ಕಿತೋ ಸಾಲದೆ ಹೋಯಿತೋ ನನಗೆ ಗೊತ್ತಿಲ್ಲ. ತಲೆನೋವೆಂದು ನೆಪ ಹೇಳಿ ಊಟಕ್ಕೂ ನಿಲ್ಲದೆ ದುರ್ಗದ ಬಸ್ಸು ಹತ್ತಿದೆ. ಕೆಲವು ವರ್ಷಗಳ ಮೇಲೆ ಬಸಕ್ಕ ತೀರಿಕೊಂಡರೆಂದು ತಿಳಿಯಿತು. ಹೇಳುವುದಕ್ಕೆ ನನಗೆ ಸಮಯ ಸಿಗಲಿಲ್ಲ ಎಂದು ಬರೆಯಲಾರೆ. ಸಿಕ್ಕಿತ್ತು. ಹೊಳಲ್ಕೆರೆಯ ಹಿತ್ತಲಲ್ಲಿ ಆಕೆ ಬಾಯಿ ತೆರೆದು ನುಂಗಿಕೊಂಡ ಆ ಅಂಕಿ ಎಷ್ಟು ಎಂದಾದರೂ ಕೇಳಬಹುದಿತ್ತು. ಅದನ್ನೂ ಕೇಳಲಿಲ್ಲ.